ಚಿಲಕಕ್ಕೆ ಕಟ್ಟಿದ ಬೇವು

ಬೆಳಿಗ್ಗೆ ಕರೆಂಟಿನವರು ಬಂದು ನಮ್ಮ ಬೀದಿಯ ಬೇವಿನ ಮರದ ಕೊಂಬೆ ಕಡಿದು ಹೋದರು. ನಮ್ಮ ಬಂಗಾರಪೇಟೆಯಲ್ಲಿ ಕಡಿಯುವುದಷ್ಟೇ ಅವರ ಕೆಲಸ, ಬಿದ್ದದ್ದನ್ನು ಎತ್ತುವುದು ನಮ್ಮದು. ಸೊಸೆ ಗೊಣಗುತ್ತ ಗುಡಿಸಿದಳು. ನಾನು ಒಂದು ಹಿಡಿ ಸೊಪ್ಪು ಎತ್ತಿ ಮೂಸಿದೆ ನೋಡಿ, ಕೂತಲ್ಲಿಂದಲೇ ಮಾರಿಕುಪ್ಪಂಗೆ ಹೋಗಿಬಿಟ್ಟೆ. ಸೊಪ್ಪು ಮೂಸುವವರೆಗೂ ನನಗೆ ಕೋಪವಿತ್ತು. ಮೊಮ್ಮಗ ಎಷ್ಟೋ ದಿನದಿಂದ ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ದುಡ್ಡು ಕಟ್ಟಿ ಇಸ್ಪೀಟು ಆಡುತ್ತಿದ್ದಾನೆ. ನಾನು ಬಾಗಿಲ ಈಚೆಯಿಂದ ಬಾಯಿ ನೋಯುವಷ್ಟು ಬೈದಿದ್ದೇನೆ. ಮಂಡಿ ಕೈಕೊಟ್ಟಿದೆ, ಕಣ್ಣು ಕೈಕೊಟ್ಟಿದೆ, ಬೈಯುವ ವಿದ್ಯೆ ಮಾತ್ರ ಇನ್ನೂ ಜೊತೆಗಿದೆ.

ನಾನು ಕಾಮಸಮುದ್ರದ ಕಡೆಯ ಹಳ್ಳಿಯಿಂದ ಮಾರಿಕುಪ್ಪಂಗೆ ಸೊಸೆಯಾಗಿ ಬಂದದ್ದು ಅರವತ್ತರ ದಶಕದ ಶುರುವಿನಲ್ಲಿ. ನಮ್ಮವರು ಚಿನ್ನದ ಗಣಿಯೊಳಗೆ ಇಳಿಯುವ ಕೆಲಸದವರು. ಗಣಿಯವರು ಕಟ್ಟಿಸಿದ ಸಾಲುಮನೆಗಳ ಲೈನಿನಲ್ಲಿ ಒಂದೇ ಕೋಣೆಯ ಮನೆ, ಗೋಡೆಯ ಆಚೆ ತಮಿಳಿನವರು, ಈಚೆ ತೆಲುಗಿನವರು. ನಾವು ಸೀನಿದರೂ ಮೂರು ಭಾಷೆಯಲ್ಲಿ ಸುದ್ದಿ. ನಮ್ಮವರು ಒಳ್ಳೆಯವರೇ. ಕುಡಿತವಿಲ್ಲ, ಕೈ ಎತ್ತಿದವರಲ್ಲ. ಇಸ್ಪೀಟು ಕಂಡರೆ ಮಾತ್ರ ಮನುಷ್ಯ ಬೇರೆ. ಊಟ, ನಿದ್ದೆ, ಹೆಂಡತಿ ಯಾವುದೂ ಬೇಡ. ಪಾದದ ಮೇಲೆ ಕಲ್ಲು ಬಿದ್ದು ರಜೆಯಲ್ಲಿ ಮನೆಯಲ್ಲಿ ಕೂತಾಗ ಇನ್ನೂ ಕೆಟ್ಟಿತು; ಆಟಗಾರರು ನಮ್ಮ ಜಗಲಿಗೇ ಬರತೊಡಗಿದರು. ಒಂದು ಮಧ್ಯಾಹ್ನ ತವರಿನವರು ಕೊಟ್ಟ ನನ್ನ ಕಿವಿಯ ಓಲೆಯೂ ಆಟದಲ್ಲಿ ಹೋಯಿತು. ಮಾರನೆಯ ದಿನ ಸೀರೆ ಗಂಟು ಕಟ್ಟಿಕೊಂಡು, ಮತ್ತೆ ಈ ಹೊಸಿಲು ತುಳಿಯುವುದಿಲ್ಲವೆಂದು ಹೊರಟೆ.

ಬಾಗಿಲಲ್ಲಿ ನಮ್ಮತ್ತೆ ಸ್ಟೂಲಿನ ಮೇಲೆ ನಿಂತು ಬಾಗಿಲ ನೆತ್ತಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು.

ನಿಮಗೆ ಗೊತ್ತಿರಬಹುದು, ಆಗ ಬಾಗಿಲಿಗೆ ಬೇವು ಕಟ್ಟಿದರೆ ಒಳಗೆ ಯಾರಿಗೋ ಅಮ್ಮ ಆಗಿದೆ, ಸಿಡುಬು ಎದ್ದಿದೆ ಎಂದರ್ಥ. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ರೋಗಿಯನ್ನು ಗದರುವಂತಿಲ್ಲ. ತಂಪು ಊಟ, ತಣ್ಣನೆಯ ಮಾತು. ವಾಸಿಯಾಗುತ್ತ ಬಂದಾಗ ಬೇವು, ಅರಿಶಿನ ಹಾಕಿ ಬಿಸಿಲಿನಲ್ಲಿ ಕಾಯಲು ಬಿಟ್ಟ ನೀರನ್ನು ನಡುವೆ ಕೆಲವು ದಿನ ಬಿಟ್ಟು ಮೂರು ಸಲ ಹೊಯ್ಯುತ್ತಾರೆ. ಮೂರನೆಯ ನೀರು ಬಿದ್ದರೆ ಗುಣವಾದಂತೆ.

ಯಾರಿಗೆ ಅಮ್ಮ ಆಗಿದೆ ಎಂದು ಕೇಳಿದೆ.

"ನಿನ್ನ ಗಂಡನ್ಗೆ. ಇದೂ ರೋಗನೇ ಕಣೇ. ರೋಗ ಬಂದೋನ್ನ ಬಿಟ್ಟು ಓಗ್ತಾರಾ? ಮೂರು ನೀರು ಉಯ್ಯೋಗಂಟ ಇರು. ಆಮೇಲೂ ಓಗ್ಬೇಕು ಅನ್ನಿಸಿದ್ರೆ ನಾನೇ ಬಸ್ ಅತ್ತುಸ್ತೀನಿ."

ಗಂಟು ಕೆಳಗಿಟ್ಟೆ. ಬಿಚ್ಚಲಿಲ್ಲ.

ಅವತ್ತು ಆಟಗಾರರು ಬಂದವರು ಬೇವು ನೋಡಿ ಓಡಿದ ಓಟ ನೆನೆದರೆ ಈಗಲೂ ನಗು ಬರುತ್ತದೆ. ಒಬ್ಬ ಚಪ್ಪಲಿ ಬಿಟ್ಟೇ ಹೋದ. ಒಳಗೆ ಅತ್ತೆಯ ಚಿಕಿತ್ಸೆ ಶುರುವಾಯಿತು. ರಾಗಿ ಅಂಬಲಿ, ಮಜ್ಜಿಗೆ, ಪಕ್ಕದಲ್ಲಿ ಸದಾ ಯಾರಾದರೊಬ್ಬರು. ಓಲೆಯ ಸುದ್ದಿ ಎತ್ತಕೂಡದೆಂದು ನನಗೆ ತಾಕೀತು. ನನ್ನಂಥ ಬಾಯಿಯವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಉಂಟೇ? ನಮ್ಮವರ ಬೆರಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಇಸ್ಪೀಟಿನ ಎಲೆ ಕಲೆಸುವಂತೆ ಗಾಳಿಯಲ್ಲೇ ಆಡುತ್ತಿದ್ದವು. ಸಿಡುಬಿನ ನವೆಗೆ ಉಗುರು ತಾಗಿಸಬಾರದೆಂದು ರೋಗಿಯ ಕೈಗೆ ಬೇವಿನ ಎಸಳು ಕೊಡುತ್ತಾರಲ್ಲ, ಅತ್ತೆ ಹಾಗೇ ಕೊಟ್ಟು, "ಕೆರೀಬೇಡ, ಸವರ್ಕೊ" ಎನ್ನುತ್ತಿದ್ದರು. ನಮ್ಮವರು ಆ ಎಸಳನ್ನು ಬೆರಳಲ್ಲಿ ತಿರುಗಿಸುತ್ತ ಕೂರುತ್ತಿದ್ದರು.

ಸುದ್ದಿ ಮುಟ್ಟಿ, ಸಿಡುಬಿನ ಸೂಜಿ ಹಾಕುವ ಇನ್‌ಸ್ಪೆಕ್ಟರು ಬಂದರು. ನಮ್ಮವರ ಅಂಗಿ ಬಿಚ್ಚಿಸಿ ತಿರುಗಿಸಿ ನೋಡಿದರು. ಒಂದು ಗುಳ್ಳೆಯೂ ಇಲ್ಲ. ಸುಳ್ಳು ಬೇವು ಕಟ್ಟಿದರೆ ನಿಜವಾದ ರೋಗಿಯ ಮನೆಯನ್ನು ಗುರುತಿಸುವುದು ಹೇಗೆಂದು ರೇಗಿದರು. ಅವರು ಹೇಳಿದ್ದೂ ಸರಿಯೇ. ಅತ್ತೆ ಮಣೆ ಹಾಕಿ ಕೂರಿಸಿದರು.

"ಇದೂ ಅಂಟುರೋಗನೇ ಸ್ವಾಮಿ. ಮೊದ್ಲು ಆ ಲೈನಲ್ಲಿತ್ತು, ಈಗ ನಮ್ಮ ಲೈನ್ಗೂ ಬಂದೈತೆ. ನಿಮ್ಮತ್ರ ಇದಕ್ಕೆ ಸೂಜಿ ಇದ್ರೆ ಆಕಿ, ಬೇವು ತೆಗೀತೀನಿ."

ಅಂಥ ಸೂಜಿ ಅವರ ಪೆಟ್ಟಿಗೆಯಲ್ಲಿರಲಿಲ್ಲ. ಅತ್ತೆ ಕೊಟ್ಟ ಮಜ್ಜಿಗೆ ಕುಡಿದರು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು: ಸಿಡುಬಿನ ಬೇವು ಬಾಗಿಲ ನೆತ್ತಿಗೆ, ಇಸ್ಪೀಟಿನ ಬೇವು ಕೆಳಗೆ ಚಿಲಕಕ್ಕೆ. ಬಂದದ್ದಕ್ಕೆ ನಮಗೆಲ್ಲ ಸಿಡುಬಿನ ಸೂಜಿ ಚುಚ್ಚಿಯೇ ಹೋದರು. ಅದರ ಕಲೆ ಇನ್ನೂ ನನ್ನ ತೋಳಿನಲ್ಲಿದೆ. ಬರಬರುತ್ತ ನಮ್ಮ ಲೈನಿನ ಬೇರೆ ಚಿಲಕಗಳಲ್ಲೂ ಬೇವು ಕಾಣಿಸಿತು. ನಲ್ಲಿಯ ಹತ್ತಿರ ಗಂಡಂದಿರನ್ನು ಶಪಿಸುತ್ತಿದ್ದ ಹೆಂಗಸರು, ನಿಮ್ಮನೇಲಿ ಎಷ್ಟನೇ ನೀರು ಎಂದು ಒಬ್ಬರನ್ನೊಬ್ಬರು ಕೇಳುವಂತಾಯಿತು.

ನಮ್ಮ ಮನೆಯಲ್ಲಿ ಎರಡು ನೀರಾಗಿತ್ತು. ಕಾಲು ವಾಸಿಯಾಗುತ್ತಿದ್ದಂತೆ ನಮ್ಮವರು ಹಿತ್ತಲಿಂದ ನುಸುಳಿ, ರೈಲು ಹತ್ತಿ ಬಂಗಾರಪೇಟೆಗೆ ಹೋಗಿ ಆಡಿ ಬಂದರು. ಸಂಜೆ ತಲೆ ತಗ್ಗಿಸಿ ನಿಂತ ಅವರನ್ನು ಕಂಡು ನನ್ನ ಕೈ ಗಂಟಿನ ಕಡೆಗೆ ಹೋಯಿತು. ಅತ್ತೆ ಎಂದಿನಂತೆ ಅಂಬಲಿ ಬಡಿಸಿದರು.

"ಒಂದ್ಸಲ ಬೈದ್ಬಿಡಮ್ಮ" ಎಂದು ನಮ್ಮವರು ಅತ್ತರು.

"ಬೈದ್ರೆ ಜ್ವರ ಇಳೀತದೇನ್ಲಾ? ಮರುಕಳಿಸೈತೆ, ಅಷ್ಟೇ. ನಾಳೆ ಮತ್ತೆ ಮೊದಲ್ನೇ ನೀರು."

ಅಂಥ ಹೆಂಗಸನ್ನು ನಾನು ಮತ್ತೆ ಕಾಣಲಿಲ್ಲ. ಮಗ ಸೋತು ಬಂದಾಗಲೂ ಅವರು ಸೋಲಲಿಲ್ಲ. ಮಾರನೆಯ ದಿನ ಬಿಸಿಲಿನಲ್ಲಿ ಹಂಡೆ ಇಟ್ಟವಳು ನಾನು. ಮೂರನೆಯ ನೀರು ಬೀಳುವ ಹೊತ್ತಿಗೆ ಬೇವು ಹೂಬಿಟ್ಟಿತ್ತು. ಗಂಟು ಯಾವತ್ತು ಬಿಚ್ಚಿದೆನೋ, ನೆನಪಿಲ್ಲ.

ಗುಣವಾಯಿತೆಂದು ನಮ್ಮವರು ಒಮ್ಮೆಯೂ ಹೇಳಲಿಲ್ಲ. ಅತ್ತೆ ಹೋದ ಮೇಲೂ, ಸಂಬಳದ ದಿನ ಬರುವಾಗ ಸ್ಟೇಷನ್ ಹತ್ತಿರದ ಮರದಿಂದ ಒಂದು ಎಸಳು ಕಿತ್ತು ತಂದು ತಾವೇ ಚಿಲಕಕ್ಕೆ ಸಿಕ್ಕಿಸಿ ಒಳಗೆ ಬರುತ್ತಿದ್ದರು. ಕೆಲಸ ಬಿಡುವವರೆಗೂ ಅದು ತಪ್ಪಲಿಲ್ಲ. ಮತ್ತೆ ಆಡಲೂ ಇಲ್ಲ.

ಇವತ್ತು ಮಧ್ಯಾಹ್ನ ನಾನು ಅಂಬಲಿ ಕಾಯಿಸಿದೆ. ಮೊಮ್ಮಗನ ಕೋಣೆಯ ಚಿಲಕಕ್ಕೆ ಬೇವು ಕಟ್ಟಿ, ಬೈಯದೆ ಬಾಗಿಲು ತಟ್ಟಿದೆ. ಬೈಗುಳ ಬರಲಿಲ್ಲವೆಂದೋ ಏನೋ, ಹುಡುಗ ಬಾಗಿಲು ತೆರೆದ. ಕಣ್ಣು ಕೆಂಪಗಿದ್ದವು. ಬೇವು ನೋಡಿ, ಯಾರಿಗಜ್ಜಿ ಹುಷಾರಿಲ್ಲ ಎಂದು ಕೇಳಿದ.

"ನಿಂಗೇ ಕಣ್ಲಾ" ಎಂದೆ. "ಬಾ, ಅಂಬಲಿ ಕುಡಿ."