ಹಸಿರು ಬಾಲದ ಬೆಕ್ಕು

ಮೊನ್ನೆ ಮಣಿಪಾಲದಲ್ಲಿ ಕಾಲೇಜು ಮಕ್ಕಳು ಸೇರಿ ನಡೆಸಿದ ಒಂದು ಮಾರಾಟ ಮೇಳದಲ್ಲಿ ನಮಗೂ ಒಂದು ಮೇಜು ಸಿಕ್ಕಿತ್ತು. ನಮಗೆ ಎಂದರೆ ನನಗೆ ಮತ್ತು ಝೊಹರಾಳಿಗೆ. ಅಲೆವೂರಿನ ನನ್ನ ಮನೆಯ ಎದುರಿನ ಕೋಣೆಯಲ್ಲಿ ನಾವಿಬ್ಬರೂ ಕೈಕಸೂತಿಯ ರವಿಕೆ, ಕುರ್ತಾ, ಬಟ್ಟೆಯ ಚೀಲ, ಮಕ್ಕಳ ಟೊಪ್ಪಿ ಇವನ್ನೆಲ್ಲ ಮಾಡುತ್ತೇವೆ. ಕಾಪುವಿನಿಂದ ಬಸ್ಸಿನಲ್ಲಿ ಬರುವ ಝೊಹರಾಳದ್ದು ಕಟಿಂಗ್ ಮತ್ತು ಮಷಿನ್. ನನ್ನದು ಡಿಸೈನ್. ಡಿಸೈನ್ ಎಂದರೆ ಅವಳ ಪಕ್ಕದಲ್ಲಿ ನಿಂತು "ಹೂವು ಸ್ವಲ್ಪ ಕೆಳಗೆ ಬರಲಿ" ಎನ್ನುವುದು, ಆಮೇಲೆ "ಮೊದಲು ಇದ್ದದ್ದೇ ಒಳ್ಳೆಯದಿತ್ತು" ಎನ್ನುವುದು. ಸೂಜಿಯ ಕೆಲಸವೆಲ್ಲ ಬೆಳ್ಮಣ್‌ನ ಅಜ್ಜಿಮನೆಯಲ್ಲಿರುವ ವಾರಿಜ ಚಿಕ್ಕಮ್ಮನದು. ಅವಳು ನನ್ನ ಅಮ್ಮನ ಕೊನೆಯ ತಂಗಿ.

ಮೇಳದಲ್ಲಿ ಒಬ್ಬಳು ಹುಡುಗಿ ಬಂದು ಮಲ್ಲಿಗೆ ಮೊಗ್ಗಿನ ಕಸೂತಿ ಇದ್ದ ಚೀಲವನ್ನು ಎತ್ತಿಕೊಂಡಳು. ಬೆಲೆ ಕೇಳಲಿಲ್ಲ. ಚೀಲವನ್ನು ಒಳಹೊರಗು ಮಾಡಿ ಕಸೂತಿಯ ಬೆನ್ನು ನೋಡಿದಳು. ಎದುರುಭಾಗ ನೋಡುವವರು ಗಿರಾಕಿಗಳು. ಬೆನ್ನು ನೋಡುವವರು ಎಂದಾದರೂ ಸೂಜಿ ಹಿಡಿದು ಬೆರಳು ಚುಚ್ಚಿಕೊಂಡವರು. ನನಗೆ ಅವಳ ಮೇಲೆ ಗೌರವ ಬಂತು.

"ಆಂಟಿ, ಇದು ಯಾರು ಮಾಡಿದ್ದು?"

"ನಮ್ಮವರೇ ಒಬ್ಬರು."

"ಅವರ ಹೆಸರು?"

"ಹೆಸರೆಲ್ಲ ಹೇಳ್ಲಿಕ್ಕಿಲ್ಲ" ಎಂದೆ. ಯಾರನ್ನೋ ಕೋಣೆಯಲ್ಲಿ ಕೂಡಿಹಾಕಿ ಕೆಲಸ ಮಾಡಿಸುತ್ತಿದ್ದೇನೆ ಎಂಬಂತೆ ಅವಳು ನನ್ನನ್ನು ನೋಡಿದಳು. ಚೀಲವನ್ನು ಮೆಲ್ಲಗೆ ಕೆಳಗಿಟ್ಟು ಪಕ್ಕದ ಮೇಜಿಗೆ ಹೋಗಿ ಒಂದು ಸಾಬೂನು ಕೊಂಡಳು.

ಝೊಹರಾಳಿಗೆ ಸಿಟ್ಟು ಬಂತು. "ಸಾಬೂನು ಮಾಡಿದವನ ಹೆಸರು, ಊರು, ಫೋಟೋ ಎಲ್ಲ ಅದರ ಮೇಲೆಯೇ ಉಂಟು. ನಿಮ್ಮ ಚಿಕ್ಕಮ್ಮನ ಹೆಸರು ಹೇಳಿದ್ರೆ ಎಂತ ಆಗ್ತದೆ ಮಾರಾಯ್ರೆ?" ಎಂದಳು. ಏನಾಗುತ್ತದೆ ಎಂದು ಅವಳಿಗೆ ಬಸ್ಸಿನಲ್ಲಿ ಹೇಳತೊಡಗಿದೆ. ಅಲೆವೂರು ಬಂದರೂ ಮುಗಿಯಲಿಲ್ಲ. ನಿಮಗೆ ಪುರುಸೊತ್ತಿದ್ದರೆ ನೀವೂ ಕೇಳಿ.

ಚಿಕ್ಕಮ್ಮ ಹುಡುಗಿಯಾಗಿದ್ದಾಗ ಶಂಕರಪುರದಲ್ಲಿ ಸೆವ್ರಿನ್ ಬಾಯಿ ಎಂಬವರು ಮಲ್ಲಿಗೆ ಕಟ್ಟುವುದರ ನಡುವೆ ಹುಡುಗಿಯರಿಗೆ ಕಸೂತಿ ಹೇಳಿಕೊಡುತ್ತಿದ್ದರು. ಸೆವ್ರಿನ್ ಬಾಯಿಯ ಮಾತು ಕೊಂಕಣಿ, ಚಿಕ್ಕಮ್ಮನದು ತುಳು. ಬೈಯುವುದು ಮಾತ್ರ ಕನ್ನಡದಲ್ಲಿ, ಇಬ್ಬರಿಗೂ ಅರ್ಥವಾಗಲಿ ಎಂದು. ಅಲ್ಲಿ ಕಲಿತು ಬಂದ ಚಿಕ್ಕಮ್ಮ ಒಂದು ಬಿಳಿಯ ಮೇಜುವಸ್ತ್ರ ಮಾಡಿದಳು. ನಡುವೆ ಹೂವಿನ ಬುಟ್ಟಿ. ಅದು ಸೆವ್ರಿನ್ ಬಾಯಿಯ ಮಾದರಿ. ಬುಟ್ಟಿಯ ಪಕ್ಕ ಕುಳಿತ ಹಳದಿ ಬೆಕ್ಕು ಚಿಕ್ಕಮ್ಮನ ಸ್ವಂತದ್ದು. ಬಾಲಕ್ಕೆ ಬರುವಾಗ ಹಳದಿ ನೂಲು ಮುಗಿಯಿತು. ಪೇಟೆಗೆ ಹೋಗುವವರು ಯಾರೂ ಇರಲಿಲ್ಲ, ಕಾಯುವ ಜಾಯಮಾನ ಅವಳದ್ದಲ್ಲ. ಬಾಲವನ್ನು ಎಲೆಯ ಹಸಿರಿನಲ್ಲಿ ಮುಗಿಸಿದಳು.

ಆ ಕಾಲದಲ್ಲಿ ನಮ್ಮ ಕಡೆ ಹೆಣ್ಣು ನೋಡಲು ಬಂದವರ ಎದುರು ಹುಡುಗಿಯ ಕೈಕೆಲಸ ಇಡಬೇಕಿತ್ತು. ದಿಂಬಿನ ಚೀಲವೋ, ಗಾಜಿನ ಚೌಕಟ್ಟು ಹಾಕಿಸಿದ ಕಸೂತಿಯ ಗಿಳಿಯೋ, ಏನಾದರೊಂದು. ಅವಲಕ್ಕಿ, ಚಹಾ ತಂದಿಟ್ಟು ತಾಯಿ ಮೇಜಿನ ಕಡೆ ನೋಡಿ "ಇದೆಲ್ಲ ಇವಳೇ ಮಾಡಿದ್ದು" ಎನ್ನಬೇಕು. ಹುಡುಗಿ ತಲೆ ತಗ್ಗಿಸಬೇಕು. ಕಸೂತಿ ಬಾರದ ಹುಡುಗಿಯರಿಗೂ ಮದುವೆ ಆಗಬೇಕಲ್ಲ. ಹಾಗಾಗಿ ಆಚೀಚೆ ಮನೆಯವರು ಮುನ್ನಾದಿನ ಬಂದು ಚಿಕ್ಕಮ್ಮನ ಮೇಜುವಸ್ತ್ರ ಕೊಂಡುಹೋಗತೊಡಗಿದರು. ಒಗೆದು, ಇಸ್ತ್ರಿ ಹಾಕಿ ಹಿಂದೆ ಕೊಡಬೇಕು ಎಂಬುದೊಂದೇ ನಿಯಮ. ಹೋಗದ ಚಹಾದ ಕಲೆ ಇದ್ದರೆ ಚಿಕ್ಕಮ್ಮ ಅದರ ಮೇಲೆ ಒಂದು ಚಿಟ್ಟೆ ಮಾಡುತ್ತಿದ್ದಳು. ಊರಲ್ಲಿ ಮದುವೆ ಹೆಚ್ಚಾದ ಹಾಗೆ ಬಟ್ಟೆಯಲ್ಲಿ ಚಿಟ್ಟೆಗಳೂ ಹೆಚ್ಚಾದವು.

ಪಕ್ಕದ ಮನೆಯ ಜಲಜಕ್ಕ ಚಿಕ್ಕಮ್ಮನ ಜೀವದ ಗೆಳತಿ. ಅವಳನ್ನು ನೋಡಲು ಕಾಪುವಿನಿಂದ ಬಂದ ಹುಡುಗ ಸುಧಾಕರಣ್ಣ. ಹಾರ್ಡ್‌ವೇರ್ ಅಂಗಡಿಯವರು, ಕಡಿಮೆ ಮಾತಿನವರು. ಅವರ ಜೊತೆ ಬಂದಿದ್ದ ಸೋದರತ್ತೆ ಆ ಕಡಿಮೆಯನ್ನು ತುಂಬಿಸಿಕೊಡುವವರು. ಅತ್ತೆ ಕನ್ನಡಕ ಹಾಕಿ ಮೇಜುವಸ್ತ್ರ ನೋಡಿ, "ಬೆಕ್ಕಿನ ಬಾಲ ಯಾಕೆ ಹಸಿರು?" ಎಂದು ಕೇಳಿದರು. ಜಲಜಕ್ಕನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. "ನನಗೆ ಬೆಕ್ಕು ಅಂದ್ರೆ ತುಂಬ ಇಷ್ಟ" ಎಂದುಬಿಟ್ಟಳು. ಪ್ರಶ್ನೆಗೆ ಅದು ಉತ್ತರವಲ್ಲ, ಆದರೂ ಅತ್ತೆಗೆ ಸಮಾಧಾನವಾಯಿತು. ಮದುವೆಯಾಗಿ ಕಾಪುವಿಗೆ ಕಾಲಿಟ್ಟಾಗ ಆ ಮನೆಯವರು ಪ್ರೀತಿಯಿಂದ ಒಂದು ಬೆಕ್ಕಿನ ಮರಿ ತಂದು ಅವಳ ಮಡಿಲಲ್ಲಿ ಹಾಕಿದರು. ಬೆಕ್ಕನ್ನು ಕಂಡರೆ ಅಂಗಳ ಬಿಟ್ಟು ಓಡುತ್ತಿದ್ದ ಜಲಜಕ್ಕ ಅಲುಗಾಡದೆ ಕುಳಿತು ನಕ್ಕಳಂತೆ.

ಮರುವರ್ಷ ಚಿಕ್ಕಮ್ಮನಿಗೇ ಒಂದು ಸಂಬಂಧ ಬಂತು. ಹುಡುಗ ಕಾರ್ಕಳದವನು. ಮೊದಲೇ ಒಂದು ಮದುವೆಯ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದರು, ಚಿಕ್ಕಮ್ಮನಿಗೆ ಅವನು ಇಷ್ಟವಾಗಿದ್ದ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆ ದಿನಕ್ಕೆಂದು ಹೊಲಿದ ರವಿಕೆಯ ತೋಳಿನ ಅಂಚಿನಲ್ಲಿ ಬೇವಿನ ಎಲೆಗಳ ಸಾಲನ್ನು ಎಷ್ಟು ಜತನದಿಂದ ಹಾಕಿದ್ದಾಳೆಂದು ನೋಡಿದವರಿಗೆಲ್ಲ ಅದು ಗೊತ್ತಾಗುತ್ತಿತ್ತು. ಮೇಜಿನ ಮೇಲೆ ಅವಳ ಮೇಜುವಸ್ತ್ರ. ಆ ಬಟ್ಟೆಯ ಬಗ್ಗೆ ನಿಜ ಹೇಳುವ ಅವಕಾಶ ನಮ್ಮೂರಿಗೆ ಸಿಕ್ಕಿದ್ದು ಅದೇ ಮೊದಲು.

ಸಂಬಂಧ ಕುದುರಿಸಲು ಹುಡುಗನ ಕಡೆಯವರೊಂದಿಗೆ ಬಂದದ್ದು ಕಾಪುವಿನ ಅದೇ ಅತ್ತೆ.

ಅತ್ತೆ ಕುಳಿತರು, ಚಹಾ ಕುಡಿದರು, ಕನ್ನಡಕ ಹಾಕಿಕೊಂಡರು. "ಈ ಬೆಕ್ಕನ್ನು ನಾನು ಪಕ್ಕದ ಮನೆಯಲ್ಲಿ ನೋಡಿದ್ದೇನೆ. ಇದು ನಮ್ಮ ಜಲಜ ಮಾಡಿದ್ದಲ್ವಾ?"

ಚಿಕ್ಕಮ್ಮನ ಅಮ್ಮ, ಎಂದರೆ ನನ್ನ ಅಜ್ಜಿ, ಬಾಯಿ ತೆರೆದರು. ನಿಜ ಹೇಳಿದರೆ ಚಿಕ್ಕಮ್ಮನ ಸಂಬಂಧ ಉಳಿಯುತ್ತದೆ. ಕಾಪುವಿನ ಆ ಮನೆಯಲ್ಲಿ ಹೊಸದಾಗಿ ಬಾಳುತ್ತಿದ್ದ ಜಲಜಕ್ಕ ಸುಳ್ಳುಗಾತಿಯಾಗುತ್ತಾಳೆ, ಅದೂ ಗರ್ಭಿಣಿ. ಅಜ್ಜಿಯ ಮಾತು ಹೊರಡುವ ಮೊದಲೇ ಚಿಕ್ಕಮ್ಮ, "ಹೌದು, ಅವಳದ್ದೇ. ಮದುವೆಯಾಗಿ ಹೋಗುವಾಗ ನನಗೆ ಕೊಟ್ಟದ್ದು" ಎಂದಳು.

"ರವಿಕೆಯೂ ಅವಳು ಕೊಟ್ಟದ್ದಾ?" ಎಂದು ಅತ್ತೆ ಕೇಳಿದರು.

ಚಿಕ್ಕಮ್ಮ ಅದಕ್ಕೂ ಹೌದು ಎಂದಳು. ಅಂದು ಆ ಕೋಣೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದ ನನಗೆ ಇದೆಲ್ಲ ಅರ್ಥವಾಗುವ ವಯಸ್ಸಲ್ಲ. ಆದರೆ ದೊಡ್ಡವರೆಲ್ಲ ಒಮ್ಮೆಗೇ ತಿನ್ನುವುದನ್ನು ನಿಲ್ಲಿಸಿದ್ದು ನೆನಪಿದೆ. ಕಾರ್ಕಳದವರು ಮನೆಗೆ ಹೋಗಿ ತಿಳಿಸುತ್ತೇವೆ ಎಂದರು, ತಿಳಿಸಲಿಲ್ಲ. ಆಮೇಲೆ ಬೇರೆ ಸಂಬಂಧಗಳು ಬಂದವು, ಚಿಕ್ಕಮ್ಮ ಒಪ್ಪಲಿಲ್ಲ. ಯಾಕೆ ಎಂದು ಕೇಳಿದರೆ "ಹೊಲಿಗೆ ಉಂಟಲ್ಲ" ಎನ್ನುತ್ತಿದ್ದಳು. ಆಗ ಎಲ್ಲರೂ ಅದನ್ನು ಒಂದು ಕಾರಣವೆಂದೇ ಒಪ್ಪಿಕೊಂಡರು.

ಹೊಲಿಗೆ ಇದ್ದದ್ದಂತೂ ನಿಜ. ಕಸೂತಿ ಬರುತ್ತದೆ ಎಂದು ಹೇಳಿ ಮದುವೆಯಾದ ಮೇಲೆ ಗಂಡನ ಮನೆಯವರು ಸುಮ್ಮನಿರುತ್ತಾರೆಯೇ? ನಾದಿನಿಗೆ ಕರವಸ್ತ್ರ, ಮೈದುನನ ಮದುವೆಗೆ ಜುಬ್ಬಾ, ಮಗುವಿಗೆ ಟೊಪ್ಪಿ ಎಂದು ಒಂದಾದ ಮೇಲೊಂದು ಕೇಳುತ್ತಿದ್ದರು. ಆ ಬಟ್ಟೆಗಳೆಲ್ಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಗುಟ್ಟಾಗಿ ಬೆಳ್ಮಣ್‌ಗೆ ಬಂದು ಹೂವು ಹಾಕಿಸಿಕೊಂಡು ಹಿಂದೆ ಹೋಗುತ್ತಿದ್ದವು. ಎಲ್ಲರಿಗಿಂತ ಹೆಚ್ಚು ಬರುತ್ತಿದ್ದದ್ದು ಜಲಜಕ್ಕನದು, ಏಕೆಂದರೆ ಸುಧಾಕರಣ್ಣನಿಗೆ ಕಸೂತಿಯ ಹುಚ್ಚು. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೂ ಹೂವಿನ ಬಟ್ಟೆ ಹಾಸಿ, ಮೊಳೆ ಕೊಳ್ಳಲು ಬಂದವರಿಗೆ "ನಮ್ಮ ಮನೆಯವಳ ಕೆಲಸ" ಎಂದು ತೋರಿಸುತ್ತಿದ್ದರು. ತನ್ನ ಕೆಲಸ ಚೆನ್ನಾಗಿದೆ ಎಂಬ ಮಾತು ಚಿಕ್ಕಮ್ಮನಿಗೆ ಯಾವಾಗಲೂ ಬೇರೊಬ್ಬರ ಹೆಸರಿನಲ್ಲೇ ತಲುಪುತ್ತಿತ್ತು.

ಜಲಜಕ್ಕ ಹೋದ ವರ್ಷ ತೀರಿಕೊಂಡಳು. ಉತ್ತರಕ್ರಿಯೆಗೆ, ನಮ್ಮ ಕಡೆಯ ಮಾತಿನಲ್ಲಿ ಬೊಜ್ಜಕ್ಕೆ, ನಾನೂ ಚಿಕ್ಕಮ್ಮನೂ ಕಾಪುವಿಗೆ ಹೋದೆವು. ಸುಧಾಕರಣ್ಣ ಅವಳ ಫೋಟೋದ ಕೆಳಗೆ ಕಸೂತಿಗಳನ್ನೆಲ್ಲ ಜೋಡಿಸಿಟ್ಟು, ಬಂದವರಿಗೆಲ್ಲ "ಇದೆಲ್ಲ ಅವಳ ಕೈಯಿಂದ ಆದದ್ದು" ಎಂದು ತೋರಿಸುತ್ತಿದ್ದರು. ಚಿಕ್ಕಮ್ಮನಿಗೂ ತೋರಿಸಿದರು. ಅವಳು ಒಂದೊಂದನ್ನೂ ಹೊಸದಾಗಿ ನೋಡುವವಳ ಹಾಗೆ ನೋಡಿ, "ಒಳ್ಳೆಯ ಕೈ" ಎಂದಳು.

ಹಿಂದೆ ಬರುವಾಗ ನಾನು, ಇನ್ನಾದರೂ ಅವಳ ಹೆಸರು ಹೇಳಿಕೊಂಡು ಮಾರೋಣ ಎಂದೆ. "ಸುಧಾಕರಣ್ಣ ಇದ್ದಾರಲ್ಲ. ಸತ್ತವಳನ್ನು ಅವರ ಎದುರು ಸುಳ್ಳುಗಾತಿ ಮಾಡುವುದಾ?" ಎಂದು ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿದಳು. ಮೇಳದ ಹುಡುಗಿಯ ಎದುರು ನಾನು ಹೆಸರು ಹೇಳದೆ ನಿಂತದ್ದು ಇದೇ ಕಾರಣಕ್ಕೆ.

ಕಥೆ ಕೇಳಿದ ಝೊಹರಾ, "ನಮ್ಮಲ್ಲಿಯೂ ಇಂಥವರು ಉಂಟು" ಎಂದಳು. ಹೆಸರಿನ ಸುದ್ದಿಯನ್ನು ಮತ್ತೆ ಎತ್ತಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕಳೆದ ಭಾನುವಾರ ನಾನು ಬೆಳ್ಮಣ್‌ನಲ್ಲಿ ಚಿಕ್ಕಮ್ಮನ ಜಗಲಿಯಲ್ಲಿ ಕುಳಿತು ನೂಲು ಬಿಡಿಸುತ್ತಿದ್ದಾಗ ಗೇಟಿನ ಎದುರು ಒಂದು ರಿಕ್ಷಾ ನಿಂತಿತು. ಸುಧಾಕರಣ್ಣ ಕೊಡೆ ಊರಿಕೊಂಡು ಇಳಿದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಕುಳಿತು, ನೀರು ಕುಡಿದು, ಚೀಲದಿಂದ ತಿಳಿಗುಲಾಬಿ ಬಣ್ಣದ ಹತ್ತಿಬಟ್ಟೆ ತೆಗೆದು ಚಿಕ್ಕಮ್ಮನ ಎದುರಿಟ್ಟರು.

"ಮೊಮ್ಮಗಳಿಗೆ ಒಂದು ಫ್ರಾಕ್ ಆಗ್ಬೇಕಿತ್ತು ವಾರಿಜಕ್ಕ. ಇಷ್ಟರವರೆಗೆ ಜಲಜನ ಹತ್ರ ಹೇಳಿದ್ರೆ ಸಾಕಿತ್ತು. ಇನ್ನು ನೇರ ನಿಮ್ಮಲ್ಲೇ ಹೇಳ್ಬೇಕಲ್ವಾ?"

ನನ್ನ ಕೈಯ ನೂಲು ಸಿಕ್ಕುಬಿತ್ತು. ಚಿಕ್ಕಮ್ಮ ಬಟ್ಟೆಯನ್ನು ಮುಟ್ಟಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?"

"ಮದುವೆಯಾದ ಮೊದಲ ಮಳೆಗಾಲದಲ್ಲೇ. ಅಂಗಿಯ ಕಿಸೆಗೆ ಒಂದು ಗುಂಡಿ ಹಾಕಿ ಕೊಟ್ಟಿದ್ದಳು. ಅಂಗಡಿಗೆ ಹೋಗಿ ಕಿಸೆಗೆ ಕೈ ಹಾಕ್ತೇನೆ, ಕೈ ಹೋಗುವುದಿಲ್ಲ. ಗುಂಡಿಯ ಜೊತೆ ಕಿಸೆಯ ಬಾಯಿಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು. ಆಮೇಲೆ ಬಟ್ಟೆಯ ಕಟ್ಟು ಬೆಳ್ಮಣ್ ಬಸ್ಸಿಗೆ ಹೋಗುವುದೂ ಕಣ್ಣಿಗೆ ಬಿತ್ತು." ಅವರು ನಗಲಿಲ್ಲ. "ಅಷ್ಟು ಕಷ್ಟಪಟ್ಟು ಅಡಗಿಸಿ ಇಟ್ಟದ್ದು, ನಾನು ಹೇಗೆ ಹೇಳುವುದು?"

"ಮತ್ತೆ ಬೊಜ್ಜದ ದಿನ ಎಲ್ಲರ ಎದುರು ಅವಳದ್ದೇ ಅಂದ್ರಲ್ಲ? ನನಗೂ ಹಾಗೇ ಹೇಳಿದ್ರಿ."

"ಅದು ಅವಳ ದಿನ ಅಲ್ವಾ?"

ಚಿಕ್ಕಮ್ಮ ತುಂಬ ಹೊತ್ತು ಅಂಗಳ ನೋಡಿದಳು. ಅಂಗಳದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಕಾರ್ಕಳದ ಹುಡುಗನ ಮಾತು ಈಗ ಬರುತ್ತದೆ, ಅತ್ತೆಯ ಮಾತು ಬರುತ್ತದೆ, ಇಷ್ಟು ವರ್ಷ ಬಾಯಿಮುಚ್ಚಿ ಕುಳಿತದ್ದೆಲ್ಲ ಯಾರಿಗೋಸ್ಕರ ಎಂದು ಕೇಳುತ್ತಾಳೆ ಎಂದು ನಾನು ಕಾದೆ. ನಾನಾಗಿದ್ದರೆ ಕೇಳುತ್ತಿದ್ದೆ, ಆ ಕೊಡೆಯನ್ನೂ ಅಂಗಳಕ್ಕೆ ಎಸೆಯುತ್ತಿದ್ದೆ.

"ಹೊಲಿಗೆ ಹೇಗಿತ್ತು?" ಎಂದು ಚಿಕ್ಕಮ್ಮ ಕೇಳಿದಳು.

"ಯಾವುದು?"

"ಎಲ್ಲ."

ಸುಧಾಕರಣ್ಣ ಕೊಡೆಯನ್ನು ಬದಿಗಿಟ್ಟು ಹೇಳತೊಡಗಿದರು. ಮೊದಲ ಮಗುವಿನ ಟೊಪ್ಪಿಯ ಬಾತುಕೋಳಿಗಳು, ತಮ್ಮನ ಮದುವೆಯ ಜುಬ್ಬಾದ ಕೈಯಂಚು, ಗಲ್ಲಾಪೆಟ್ಟಿಗೆಯ ಬಟ್ಟೆಯ ಕೆಂಪು ದಾಸವಾಳ. ಯಾವುದನ್ನೂ ಬಿಡಲಿಲ್ಲ. ಇಷ್ಟೊಂದು ಮಾತು ಅವರಲ್ಲಿ ಇತ್ತೆಂದು ನನಗೆ ಗೊತ್ತಿರಲಿಲ್ಲ. ಚಿಕ್ಕಮ್ಮ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು, ತಲೆ ಎತ್ತದೆ ಕೇಳುತ್ತ ಕುಳಿತಳು. ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಆದ್ದರಿಂದ ಇದನ್ನು ಸರಿಯಾಗಿ ನೋಡಿದೆನೆಂದು ಹೇಳಲಾರೆ.

"ನೀಲಿ ಜುಬ್ಬಾದ ಕೊರಳು ಮಾತ್ರ ಸ್ವಲ್ಪ ಬಿಗಿ ಇತ್ತು. ಯಾರ ಹತ್ರ ಹೇಳುವುದು?" ಎಂದರು ಕೊನೆಗೆ.

"ಆಗಲೇ ಹೇಳಿದ್ರೆ ಬಿಡಿಸಿ ಕೊಡ್ತಿದ್ದೆ" ಎಂದಳು ಚಿಕ್ಕಮ್ಮ. ಅಷ್ಟು ವರ್ಷಗಳಲ್ಲಿ ಅವಳಿಗೆ ನೇರವಾಗಿ ಸಿಕ್ಕಿದ ಮೊದಲ ದೂರು ಅದು. ಅವಳು ಬಹಳ ಸಂತೋಷಪಟ್ಟಳು.

ಇವತ್ತು ಫ್ರಾಕ್ ಮುಗಿಯಿತು. ಅಂಚಿನಲ್ಲಿ ಬೇಕಾದದ್ದೆಲ್ಲ ಆದ ಮೇಲೆ ಚಿಕ್ಕಮ್ಮ ನನ್ನ ಕೈಗೆ ಪೆನ್ಸಿಲ್ ಕೊಟ್ಟು, ಬಟ್ಟೆಯ ಮೇಲೆ "ವಾರಿಜ" ಎಂದು ಬರೆ ಎಂದಳು. ಎಂಥೆಂಥ ಹೂವುಗಳನ್ನೂ ಮಾದರಿಯಿಲ್ಲದೆ ಹಾಕುವವಳಿಗೆ ತನ್ನ ಹೆಸರನ್ನು ಸೂಜಿಯಲ್ಲಿ ಬರೆದು ಗೊತ್ತಿಲ್ಲ. ನಾನು ಕೊರಳಿನ ಒಳಮಗ್ಗುಲಿನಲ್ಲಿ ಸಣ್ಣದಾಗಿ ಬರೆಯಹೊರಟೆ.

"ಅಲ್ಲಿ ಯಾರಿಗೆ ಕಾಣ್ತದೆ? ಎದುರು ಬರೆ."

ಎದುರಿನಲ್ಲಿ, ಹೂವುಗಳ ನಡುವೆ ಬರೆದೆ. ಅವಳು ಫ್ರಾಕನ್ನು ದೂರ ಹಿಡಿದು ನೋಡಿದಳು.

"ಆ ಮಗು ಓದುವುದು ಇಂಗ್ಲಿಷ್ ಮೀಡಿಯಂ ಅಲ್ವಾ?"

"ಹೌದು."

"ಹಾಗಾದ್ರೆ ಕೆಳಗೆ ಇಂಗ್ಲಿಷಿನಲ್ಲಿಯೂ ಒಂದು ಬರೆ" ಎಂದು ಚಿಕ್ಕಮ್ಮ ಸೂಜಿಗೆ ನೂಲು ಹಾಕತೊಡಗಿದಳು.