ಟಿಕೋಟಾಕ್ಕೆ ಹೋಗಬೇಕಿದ್ದ ಕಾಗದಗಳು

ನನ್ನ ಮೇಜಿನ ಖಾನೆಯಲ್ಲಿ ಟೈಪಿನ ತಪ್ಪು ಅಳಿಸುವ ರಬ್ಬರೊಂದಿದೆ. ಕಚೇರಿಯಲ್ಲಿ ಕೊಟ್ಟಾಗ ರೂಪಾಯಿ ನಾಣ್ಯದಷ್ಟು ಅಗಲವಿದ್ದದ್ದು ಈಗ ಹುಣಸೆಬೀಜದಷ್ಟಾಗಿದೆ. ಯಾವಾಗ ಕೊಟ್ಟರೆಂದು ನೀವು ಕೇಳಿದರೆ ಹೇಳಬಲ್ಲೆ: ಎಪ್ಪತ್ನಾಲ್ಕರ ಜೂನ್ ಮೂರು, ಸೋಮವಾರ. ಅದೇ ದಿನ ಪಕ್ಕದ ಕುರ್ಚಿಯ ಶಾಂತಕ್ಕನಿಗೂ ಅಂಥದೇ ಒಂದು ಸಿಕ್ಕಿತ್ತು.

ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಆ ಕಚೇರಿಯಲ್ಲಿ ಹೆಂಗಸರೆಂದರೆ ಟೈಪಿಸ್ಟರಾದ ನಾವಿಬ್ಬರೇ. ಶಾಂತಕ್ಕ ಇನ್ನೂ ಕಾಯಂ ಆಗಿರಲಿಲ್ಲ. ಹೆಡ್‌ಕ್ಲಾರ್ಕ್ ರಾಯರಿಗೆ ಕುರ್ಚಿಯ ಹಿಂದೆ ನಿಂತು, ಬೀಗದಕೈ ಗೊಂಚಲು ಆಡಿಸುತ್ತ ನಮ್ಮ ಬೆರಳುಗಳ ವೇಗ ನೋಡುವ ಪದ್ಧತಿಯಿತ್ತು. ಹೊಡೆದದ್ದನ್ನು ಓದುವ ಪದ್ಧತಿಯಿರಲಿಲ್ಲ. ಅವರು ನಿಂತಾಗಲೆಲ್ಲ ಶಾಂತಕ್ಕ ಟಿಕೋಟಾ ಊರಿನ ವಿಳಾಸದಲ್ಲಿ ನಿಡೋಣಿ ಎಂದು ಹೊಡೆಯುತ್ತಿದ್ದಳು. ನಿಡೋಣಿಯಲ್ಲಿ ಅತ್ತೆಯ ಬಳಿ ಬಿಟ್ಟಿದ್ದ ಅವಳ ಎರಡು ವರ್ಷದ ಮಗಳಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಹೀಗೆ ಸರಕಾರದ ಕಾಗದಗಳು ನಿಡೋಣಿಗೆ ಹೋಗಿ, ವಾರವಿದ್ದು, ಮರಳಿ ಬರುತ್ತಿದ್ದವು. ರಜೆ ಕೇಳಿದ್ದ ಶಾಂತಕ್ಕ ಮಾತ್ರ ಹೋಗುವಂತಿರಲಿಲ್ಲ.

"ಬಾಯಾರ, ನಿಮ್ಮನ್ನ ಕಾಯಂ ಮಾಡ್ರೆಂತ ನಾ ಹ್ಯಾಂಗ ಬರೀಲಿ? ಟಪಾಲಿನಾಂವ ನಗಾಕತ್ತಾನ," ಎಂದ ರಾಯರು, ಅವಳ ತಪ್ಪುಗಳ ಪಟ್ಟಿ ಮಾಡಲು ನನಗೆ ಹೇಳಿದರು. "ತಾರೀಖು, ವ್ಯಾಳ್ಯಾ ಎಲ್ಲಾ ಬರೀಬೇಕ ನೋಡು, ತಂಗಿ."

ಬರೆದೆ. ಅಳಿಸಿ ತಿದ್ದಿದ್ದು, ಮರಳಿ ಬಂದದ್ದು ಸೇರಿ ಎರಡು ವಾರಕ್ಕೆ ಹನ್ನೊಂದು. ಆ ಹೊತ್ತಿಗೆ ಯಾರು ಎಲ್ಲಿದ್ದರೆಂಬ ಅಂಕಣವನ್ನೂ ಹಾಕಿದ್ದೆ; ಅದು ನನ್ನ ದಿನಚರಿಯ ರೂಢಿ. ಹತ್ತು ತಪ್ಪುಗಳ ಮುಂದೆ 'ರಾಯರು, ಕುರ್ಚಿಯ ಹಿಂದೆ' ಎಂದಿತ್ತು. ಹನ್ನೊಂದನೆಯದರ ಮುಂದೆ, 'ರಾಯರು, ಬಾಗಿಲಲ್ಲಿ, ಬರುತ್ತಿದ್ದಾರೆ.'

ರಾಯರು ಎರಡು ಸಲ ಓದಿದರು.

"ಇದು ಯಾರ ಪಟ್ಟಿ ತಂಗಿ, ಆಕೀದೋ ನಂದೋ?"

"ಎಲ್ಲಾ ಬರಿ ಅಂದಿದ್ರೆಲ್ರಿ."

ಶಾಂತಕ್ಕ ತಲೆಯೆತ್ತಲಿಲ್ಲ, ಅವಳ ಯಂತ್ರ ಮಾತ್ರ ನಿಂತಿತ್ತು. ರಾಯರು ಗೊಂಚಲನ್ನು ಕಿಸೆಗೆ ಹಾಕಿದರು.

"ಬಾಯಾರ, ನಿಡೋಣಿಗೆ ಹೋಗಾಕ ಬಬಲೇಶ್ವರದ ಬಸ್ ಎಷ್ಟಕ್ಕೈತಿ?"

"ಮೂರಕ್ಕೊಂದೈತ್ರಿ."

"ಮತ್ಯಾಕ ಕುಂತೀರಿ? ನಡೀರಿ. ಟಪಾಲೆಲ್ಲಾ ಮುಟ್ಟೇತಿ, ನೀವೂ ಮುಟ್ರಿ."

ನಾಲ್ಕು ದಿನದ ಮೇಲೆ, ಮಗಳ ಜ್ವರ ಇಳಿಯಿತೆಂದು ಹೇಳುತ್ತ ಶಾಂತಕ್ಕ ಮರಳಿದಳು. ಅಂದಿನಿಂದ ಟಿಕೋಟಾದ ಕಾಗದಗಳು ಟಿಕೋಟಾಕ್ಕೇ ಹೋದವು; ರಾಯರು ನಮ್ಮ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಟೈಪಿನ ಕೌಶಲವೆಲ್ಲ ಬೆರಳಲ್ಲಿದೆಯೆಂದು ಕಲಿಸುತ್ತಾರೆ. ಅರ್ಧ ಬೆನ್ನಲ್ಲಿದೆಯೆಂದು ಯಾರೂ ಹೇಳುವುದಿಲ್ಲ.

ಕಾಯಂ ಆದ ಆದೇಶ ಬಂದ ದಿನ ಶಾಂತಕ್ಕ ತನ್ನ ರಬ್ಬರನ್ನು ತೆಗೆದು ನನ್ನದರ ಪಕ್ಕಕ್ಕಿಟ್ಟಳು. ಅವಳದು ದೊಡ್ಡದಿತ್ತು, ನನ್ನದೇ ಹೆಚ್ಚು ಸವೆದಿತ್ತು. ರಾಯರು ನಿಲ್ಲುತ್ತಿದ್ದದ್ದು ಎರಡು ಕುರ್ಚಿಗಳ ನಡುವೆ ಎಂಬುದು ನನಗೆ ಆಗ ನೆನಪಾಯಿತು. ನನ್ನ ತಪ್ಪುಗಳನ್ನು ಯಾರೂ ಕಾಣುವ ಮೊದಲೇ ನಾನು ಉಜ್ಜಿಬಿಡುತ್ತಿದ್ದೆ. ಎಷ್ಟು ಸಲವೆಂದು ಕೇಳಬೇಡಿ. ನನ್ನ ದಿನಚರಿಯಲ್ಲಿ ಬರೆಯದೆ ಬಿಟ್ಟದ್ದು ಅದೊಂದೇ.