ಹಳೆಯ ಸಾಲು ಅಳಿಸಿದ ಮೇಲೆ

ಆಫೀಸಿನಲ್ಲಿ ಅವಳಿಗೆ ಡಬ್ಬಿಯಕ್ಕ ಎಂದು ಹೆಸರು. ಯಾರೂ ಎದುರಿಗೆ ಹಾಗೆ ಕರೆಯುತ್ತಿರಲಿಲ್ಲ, ಆದರೆ ಆ ಮಹಡಿಯಲ್ಲಿ ಅವಳ ಕಿವಿಗೆ ಬೀಳದ ಮಾತು ಇರಲಿಲ್ಲ. ಏನು ಕೇಳಿದರೂ ಕೈಗೆ ಸಿಕ್ಕಿದ ಕಾಗದದ ಮೇಲೆ ಒಂದು ಡಬ್ಬಿ ಬರೆದು, ಪಕ್ಕದಲ್ಲಿ ಇನ್ನೊಂದು ಬರೆದು, ನಡುವೆ ಗೆರೆ ಎಳೆದ ಮೇಲೆಯೇ ಅವಳ ಬಾಯಿ ತೆರೆಯುತ್ತಿತ್ತು.

ಅವಳ ಕಂಪನಿಯದು ಲಿಫ್ಟ್ ಕೂರಿಸಿ, ಕೆಟ್ಟರೆ ರಿಪೇರಿ ಮಾಡುವ ಕೆಲಸ. ಊರಿನ ಮೂಲೆಮೂಲೆಗೆ ಡಿಪೋಗಳು, ಡಿಪೋಗಳಲ್ಲಿ ಮೆಕ್ಯಾನಿಕ್‌ಗಳು. ಯಾವ ಕಟ್ಟಡದ ಲಿಫ್ಟ್ ಯಾವತ್ತು ನಿಂತಿತು, ಯಾರು ಹೋಗಿ ಸರಿಮಾಡಿದರು ಎಂಬುದೆಲ್ಲ ಒಂದು ಕಡೆ ಬಂದು ಸೇರುತ್ತಿತ್ತು. ಅದನ್ನು ಡೇಟಾ ವೇರ್‌ಹೌಸ್ ಎನ್ನುತ್ತಾರೆ. ಮನೆಯ ಉಗ್ರಾಣ ಇದ್ದ ಹಾಗೇ ಅದು. ಯಾವುದು ಯಾವ ಡಬ್ಬಿಯಲ್ಲಿರಬೇಕು, ಯಾವ ಡಬ್ಬಿಯ ಪಕ್ಕ ಯಾವುದಿರಬೇಕು ಎಂದು ಮೊದಲೇ ಯೋಚಿಸಿ ಇಡದಿದ್ದರೆ, ಬೇಕಾದಾಗ ಉಪ್ಪಿನ ಬದಲು ಸಕ್ಕರೆ ಕೈಗೆ ಬರುತ್ತದೆ. ಡೇಟಾ ಮಾಡೆಲಿಂಗ್ ಎಂಬ ಆ ಯೋಚನೆಗೇ ಅವಳಿಗೆ ಸಂಬಳ.

ಅವಳು ಸಿಟ್ಟಿನ ಹೆಂಗಸು ಎಂದು ಎಲ್ಲರೂ ಹೇಳುತ್ತಿದ್ದರು. ಹೌದು, ಸಿಟ್ಟಿತ್ತು. ಹೊರಗೆ ಎಲ್ಲಾದರೂ ಒಳ್ಳೆಯ ತರಬೇತಿ ನಡೆಯುತ್ತದೆ ಎಂದು ಗೊತ್ತಾದಾಗಲೆಲ್ಲ ಅವಳು ಅರ್ಜಿ ಹಾಕುತ್ತಿದ್ದಳು, ಹೋಗಿ ಬರುತ್ತಿದ್ದವನು ಅವಳ ಮ್ಯಾನೇಜರು. ಹೋದವನು ಹೆಗಲಿಗೊಂದು ಹೊಸ ಚೀಲ, ನಾಲಿಗೆಗೊಂದೆರಡು ಹೊಸ ಶಬ್ದ ಹಾಕಿಕೊಂಡು ಬರುತ್ತಿದ್ದ. ಆ ಶಬ್ದಗಳ ಅರ್ಥ ಮಾತ್ರ ಇವಳೇ ಹುಡುಕಿ ಓದಿ, ಅವನಿಗೂ ಹೇಳಿಕೊಡಬೇಕಾಗುತ್ತಿತ್ತು.

ಈ ಕತೆ ಶುರುವಾಗಿದ್ದು ಮಾತ್ರ ಆಫೀಸಿನಲ್ಲಿ ಅಲ್ಲ, ಅವಳ ಅಡುಗೆಮನೆಯಲ್ಲಿ. ಒಂದು ಭಾನುವಾರ ಬೆಳಿಗ್ಗೆ ಮೈದುನ ಬಂದ. ಅವನೂ ಅದೇ ಕಂಪನಿಯವನು, ಗೋದಾಮು ರಸ್ತೆಯ ಹಳೇ ಡಿಪೋದಲ್ಲಿ ಮೆಕ್ಯಾನಿಕ್. ಬಂದವನು ಚಪ್ಪಲಿ ಬಿಟ್ಟ ಸದ್ದಿಗೇ ಅವನ ಮುಖ ಹೇಗಿರಬೇಕೆಂದು ಅವಳಿಗೆ ಗೊತ್ತಾಯಿತು.

"ಅತ್ತಿಗೆ, ನಿಮ್ಮ ಉಗ್ರಾಣ ನಮ್ಮನ್ನ ನುಂಗಿ ನೀರು ಕುಡೀತು."

"ಕೂತ್ಕೊಂಡು ಹೇಳು. ಏನಾಯ್ತು?"

"ಡಿಪೋ ಮುಚ್ತಾರಂತೆ. ಗೋಡೆಗೆ ನೋಟಿಸ್ ಅಂಟಿಸಿದಾರೆ. ಮೂರು ವರ್ಷದಿಂದ ಇಲ್ಲಿ ಒಂದು ಡಿಪೋ ನಡೆಸೋವಷ್ಟು ಕೆಲಸಾನೇ ಇಲ್ಲ ಅಂತ ರಿಪೋರ್ಟ್ ಹೇಳ್ತದಂತೆ. ರಿಪೋರ್ಟ್ ಯಾರದು? ನಿಮ್ಮದು."

"ಕೆಲಸ ಇಲ್ಲ ಅಂತ ಹೇಗೆ ಹೇಳ್ತದೆ?"

"ಅದನ್ನ ನನ್ನ ಕೇಳ್ತೀರಾ?" ಅವನು ಕೈ ಮುಂದೆ ಚಾಚಿದ. ಗ್ರೀಸಿನ ಕಪ್ಪು ಉಗುರಿನ ಸಂದಿಯಲ್ಲಿ ಕೂತುಬಿಟ್ಟಿತ್ತು. "ಇದು ಕೆಲಸ ಇಲ್ಲದವನ ಕೈಯಾ? ಅರ್ಧ ಜನರನ್ನ ಹೋದ ವರ್ಷ ಹೊಸ ಡಿಪೋಗೆ ಎತ್ತಾಕಿದ್ರು. ಉಳಿದೋರು ಇಬ್ಬರ ಕೆಲಸ ಒಬ್ಬೊಬ್ಬರು ಎಳೀತಿದೀವಿ. ಮೇಲೆ ಈ ಮರ್ಯಾದೆ ಬೇರೆ."

ಅವಳ ಗಂಡ ಪೇಪರಿನಿಂದ ತಲೆ ಎತ್ತಿ, "ಕಂಪ್ಯೂಟರ್ ಸುಳ್ಳು ಹೇಳ್ತದಾ?" ಎಂದ.

"ನೀವು ಸುಮ್ನಿರಿ," ಎಂದು ಅವಳೂ ಮೈದುನನೂ ಒಟ್ಟಿಗೇ ಹೇಳಿದರು.

ಮೈದುನ ಕಾಫಿಯನ್ನೂ ಮುಟ್ಟದೆ ಎದ್ದುಹೋದ. ಬಾಗಿಲಲ್ಲಿ ನಿಂತು, "ನಮ್ಮನೇಲೇ ಒಬ್ಬರು ಒಳಗಿದಾರೆ ಅಂತ ಡಿಪೋದಲ್ಲಿ ಎದೆ ಉಬ್ಬಿಸ್ಕೊಂಡು ಓಡಾಡ್ತಿದ್ದೆ. ಈಗ ಅವರೆಲ್ಲ ನನ್ನ ಮುಖ ನೋಡ್ತಾರೆ," ಎಂದ. ಆ ಮಾತು ಅವಳಿಗೆ ಚುಚ್ಚಿತು, ಮರುಗಳಿಗೆಯೇ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಅವಳಿಗಿನ್ನೂ ಗೊತ್ತಿರಲಿಲ್ಲ.

ಗೊತ್ತಾಗಲು ಮಾರನೆಯ ದಿನ ಮಧ್ಯಾಹ್ನದ ಹೊತ್ತೂ ಬೇಕಾಗಲಿಲ್ಲ.

ವೇರ್‌ಹೌಸಿನಲ್ಲಿ ರಿಪೇರಿಗಳದೊಂದು ಟೇಬಲ್, ಮೆಕ್ಯಾನಿಕ್‌ಗಳದೊಂದು ಟೇಬಲ್. ಒಬ್ಬ ಮೆಕ್ಯಾನಿಕ್‌ಗೆ ಒಂದು ಸಾಲು: ಹೆಸರು, ಕೆಲಸಕ್ಕೆ ಸೇರಿದ ದಿನ, ಡಿಪೋ. ಒಂದು ರಿಪೇರಿ ಯಾವ ಡಿಪೋದ್ದು ಎಂಬುದನ್ನು ರಿಪೋರ್ಟ್ ಅದನ್ನು ಮಾಡಿದವನ ಸಾಲು ನೋಡಿಯೇ ಹೇಳುತ್ತಿತ್ತು. ಒಬ್ಬನಿಗೆ ಬೇರೆ ಡಿಪೋಗೆ ವರ್ಗವಾಯಿತು ಅಂದುಕೊಳ್ಳಿ. ಆಗ ಮಾಡಬೇಕಾದದ್ದು ಇಷ್ಟೆ. ಹಳೆಯ ಸಾಲನ್ನು ಇಂಥ ದಿನದವರೆಗೆ ಎಂದು ಮುಚ್ಚಿ ಹಾಗೇ ಬಿಡಬೇಕು, ಇಂಥ ದಿನದಿಂದ ಎಂದು ಅವನಿಗೊಂದು ಹೊಸ ಸಾಲು ತೆರೆಯಬೇಕು. ಆಗ ಹಳೆಯ ಕೆಲಸ ಹಳೆಯ ಡಿಪೋದ ಲೆಕ್ಕಕ್ಕೆ, ಹೊಸದು ಹೊಸದರ ಲೆಕ್ಕಕ್ಕೆ. ಇಲ್ಲಿ ಹಾಗೆ ಮಾಡಿರಲಿಲ್ಲ. ಇದ್ದ ಸಾಲಿನಲ್ಲೇ ಹಳೆಯ ಡಿಪೋ ಅಳಿಸಿ ಹೊಸದು ಬರೆದಿದ್ದರು. ಅದರಿಂದ ಆ ಮನುಷ್ಯ ತನ್ನ ಬಟ್ಟೆಬರೆಯ ಜೊತೆಗೆ ಅಷ್ಟೂ ವರ್ಷದ ರಿಪೇರಿಗಳನ್ನೂ ಹೊತ್ತುಕೊಂಡು ಹೊಸ ಡಿಪೋಗೆ ಹೋದಂತಾಗಿತ್ತು. ಹೊಸ ಡಿಪೋ ಬಾಗಿಲು ತೆಗೆಯುವ ಮೊದಲೇ ಸಾವಿರಾರು ಲಿಫ್ಟ್ ಸರಿಮಾಡಿದೆ ಎಂದು ರಿಪೋರ್ಟ್ ಹೇಳುತ್ತಿತ್ತು. ಅದನ್ನು ನೋಡಿ ಒಬ್ಬನಾದರೂ ಹುಬ್ಬೇರಿಸಿರಲಿಲ್ಲ.

ಅವಳ ಮೈ ಉರಿದುಹೋಯಿತು. ಏಕೆಂದರೆ ಈ ಟೇಬಲ್ಲಿನ ನಕ್ಷೆ ಬರೆದವಳು ಅವಳೇ, ಬರೆದಾಗ ಎರಡು ಸಾಲಿನ ಏರ್ಪಾಡನ್ನೇ ಬರೆದಿದ್ದಳು. ಮ್ಯಾನೇಜರು ಅದರ ಮೇಲೆ ಪೆನ್ನು ಅಡ್ಡ ಎಳೆದು, "ಮೆಕ್ಯಾನಿಕ್ ಎಲ್ಲಿದ್ದ ಅಂತ ಯಾರಿಗಮ್ಮ ಬೇಕು? ಈಗೆಲ್ಲಿದಾನೆ ಅಷ್ಟು ಸಾಕು. ಬೇಗ ಮುಗ್ಸಿ," ಎಂದಿದ್ದ. ಅವಳು ಹಲ್ಲು ಕಚ್ಚಿಕೊಂಡು ಮುಗಿಸಿಕೊಟ್ಟಿದ್ದಳು.

ಈಗ ಅವನ ಗಾಜಿನ ಕೋಣೆಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದಳು. ಅವನು ಕುರ್ಚಿಯನ್ನು ಅತ್ತಿತ್ತ ತಿರುಗಿಸುತ್ತಾ ಕೇಳಿಸಿಕೊಂಡ.

"ನಿಮ್ಮ ಮೈದುನ ಅದೇ ಡಿಪೋದಲ್ಲಿರೋದಲ್ವಾ?"

"ಹೌದು ಸಾರ್. ಅದಕ್ಕೂ ಇದಕ್ಕೂ ಏನು?"

"ಏನೂ ಇಲ್ಲ, ಸುಮ್ನೆ ಕೇಳ್ದೆ. ನೀವು ಹೋಗಿ ರಿಪೋರ್ಟ್ ತಪ್ಪು ಅಂದ್ರೆ ನೋಡೋರಿಗೆ ಹೇಗೆ ಕಾಣ್ತದೆ ಅಂತ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ಸಾರ್, ಅಲ್ಲಿ ನನ್ನ ಮೈದುನ ಇದ್ರೂ ತಪ್ಪು ತಪ್ಪೇ, ಇಲ್ದಿದ್ರೂ ತಪ್ಪೇ."

"ಹಳೇದೆಲ್ಲ ಅಳಿಸಿ ಹೋಗಿದೆ ಅಂತ ನೀವೇ ಹೇಳ್ತಿದೀರಿ. ಮತ್ತೆ ಯಾವುದನ್ನ ಇಟ್ಕೊಂಡು ತೋರಿಸ್ತೀರಿ? ಬುಧವಾರ ನನ್ನ ಉಪನ್ಯಾಸ ಇದೆ, ಅದಾಗ್ಲಿ. ಆಮೇಲೆ ನೋಡೋಣ."

ಅವನ 'ಆಮೇಲೆ' ಯಾವತ್ತೂ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಡಿಪೋಗೆ ಬೀಗ ಬೀಳುವುದು ತಿಂಗಳ ಕೊನೆಗೆ.

ಅವನು ಕೇಳಿದ ಪ್ರಶ್ನೆ ಮಾತ್ರ ಅವಳನ್ನು ಬಿಡಲಿಲ್ಲ. ಅಳಿಸಿಹೋದದ್ದನ್ನು ಎಲ್ಲಿಂದ ತರುವುದು? ಬಸ್ಸಿನಲ್ಲಿ ನಿಂತು ಅವನನ್ನು ಮನಸಿನಲ್ಲೇ ಬೈಯುತ್ತಾ ಬರುತ್ತಿದ್ದಳು. ಹೊರಗೆ ಎತ್ತರದ ಹಳೆಯ ಕಟ್ಟಡಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ನಾಲ್ಕನೆಯದೋ ಐದನೆಯದೋ ದಾಟುವಾಗ ಅವಳ ಬೈಗುಳ ಅರ್ಧಕ್ಕೆ ನಿಂತಿತು. ರಿಪೇರಿಯ ಟೇಬಲ್ಲಿನಲ್ಲಿ ಮೆಕ್ಯಾನಿಕ್ ಮಾತ್ರ ಇಲ್ಲವಲ್ಲ, ಲಿಫ್ಟೂ ಇದೆ. ಲಿಫ್ಟಿಗೆ ಕಟ್ಟಡವಿದೆ, ಕಟ್ಟಡಕ್ಕೆ ಬೀದಿಯಿದೆ. ಹಳೇ ಡಿಪೋ ನೋಡಿಕೊಳ್ಳುವ ಬೀದಿಗಳು ಶುರುವಿನಿಂದಲೂ ಅವೇ. ಮೆಕ್ಯಾನಿಕ್‌ನ ದಾರಿ ಬಿಟ್ಟು ಲಿಫ್ಟಿನ ದಾರಿ ಹಿಡಿದರೆ ಎಲ್ಲ ಸಿಗುತ್ತದೆ.

ಮರುದಿನ ಆ ದಾರಿ ಹಿಡಿದು ಲೆಕ್ಕ ತೆಗೆದಳು. ಊರಿನ ಡಿಪೋಗಳಲ್ಲೆಲ್ಲ ಹೆಚ್ಚು ಕೆಲಸ ಮಾಡಿದ್ದು ಗೋದಾಮು ರಸ್ತೆಯದು.

ಬುಧವಾರ ಉಪನ್ಯಾಸ. 'ಡೇಟಾ ಮಾಡೆಲಿಂಗ್: ಉಪಯುಕ್ತ ಸಲಹೆಗಳು' ಎಂದು ಪರದೆಯ ಮೇಲೆ ದೊಡ್ಡ ಅಕ್ಷರ. ಮುಂದಿನ ಸಾಲಿನಲ್ಲಿ ಎಲ್ಲ ಡಿಪೋಗಳ ಮೇಲಿನ ಅಧಿಕಾರಿ ಮೇಡಮ್ಮು. ಡಿಪೋ ಮುಚ್ಚುವ ಆದೇಶಕ್ಕೆ ಸಹಿ ಹಾಕಿದವರು ಅವರೇ. ಡಬ್ಬಿಯಕ್ಕ ಹಿಂದೆ ಗೋಡೆಯ ಬದಿಗೆ ಕೂತಿದ್ದಳು. ಮ್ಯಾನೇಜರು ಒಂದೊಂದೇ ಸಲಹೆ ಓದುತ್ತಾ ಹೋದ. ಟೇಬಲ್ ಕಟ್ಟುವ ಮೊದಲು ಅದರಲ್ಲಿ ಒಂದು ಸಾಲು ಅಂದರೆ ಏನೆಂದು ಒಂದೇ ವಾಕ್ಯದಲ್ಲಿ ಹೇಳಲು ಬರಬೇಕು. ಒಂದು ಹೆಸರಿಗೆ ಎಲ್ಲ ಕಡೆ ಒಂದೇ ಅರ್ಥವಿರಬೇಕು. ಎಲ್ಲ ಸರಿಯಾದ ಮಾತೇ. ಎಲ್ಲವೂ ಅವಳೇ ಅವನಿಗೆ ಬರೆದುಕೊಟ್ಟವು.

ಆಮೇಲೆ ಬಂತು: "ಬದಲಾಗುವ ಮಾಹಿತಿಯ ಹಳೆಯ ರೂಪವನ್ನು ಅಳಿಸಬೇಡಿ, ಉಳಿಸಿಕೊಳ್ಳಿ. ಇದು ಬಹಳ ಮುಖ್ಯ," ಎಂದು ಅವನು ಬೆರಳೆತ್ತಿ ಹೇಳಿದ.

ಅವಳಿಗೆ ಕೂತಿರಲು ಆಗಲಿಲ್ಲ.

"ಸಾರ್, ಒಂದು ಪ್ರಶ್ನೆ. ನಮ್ಮ ಮೆಕ್ಯಾನಿಕ್ ಟೇಬಲ್ಲಲ್ಲಿ ಉಳಿಸ್ಕೊಂಡಿದೀವಾ?"

"ಪ್ರಶ್ನೆಗಳನ್ನ ಕೊನೇಲಿ ತಗೊಳೋಣ."

"ಕೊನೆ ಅಂದ್ರೆ ಡಿಪೋ ಮುಚ್ಚಿದ ಮೇಲಾ?"

ಯಾರೋ ಕಿಸಕ್ಕೆಂದರು. ಮೇಡಮ್ಮು ಹಿಂತಿರುಗಿ ನೋಡಿದರು. "ಯಾವ ಡಿಪೋ? ಮುಂದೆ ಬಂದು ಹೇಳಿ."

ಅವಳು ಹೋಗಿ ಬೋರ್ಡಿನ ಮೇಲೆ ಡಬ್ಬಿ ಬರೆದಳು. ಸಿಟ್ಟಿಗೆ ಗೆರೆ ಸೊಟ್ಟಗಾಯಿತು, ಅಳಿಸಿ ಮತ್ತೆ ಬರೆದಳು. ಇನ್ನೊಂದು ಡಬ್ಬಿ, ನಡುವೆ ಗೆರೆ.

"ಮೇಡಮ್, ಮೊದಲೇ ಹೇಳಿಬಿಡ್ತೀನಿ, ನನ್ನ ಮೈದುನ ಆ ಡಿಪೋದಲ್ಲೇ ಇದಾನೆ. ಅದಕ್ಕೇ ನನ್ನ ಮಾತು ನಂಬಬೇಡಿ, ಲೆಕ್ಕ ನೋಡಿ. ಮೆಕ್ಯಾನಿಕ್‌ಗೆ ವರ್ಗ ಆಗ್ತದೆ, ಕಟ್ಟಡಕ್ಕೆ ಆಗಲ್ಲ. ಲಿಫ್ಟು ಮೇಲಕ್ಕೆ ಹೋಗ್ತದೆ, ಕೆಳಕ್ಕೆ ಬರ್ತದೆ, ಬೀದಿ ಬಿಟ್ಟು ಬೀದಿಗೆ ಹೋಗಲ್ಲ. ನಾವು ಆಳನ್ನ ಹಿಡ್ಕೊಂಡು ಎಣಿಸಿದ್ವಿ. ಲಿಫ್ಟ್ ಹಿಡ್ಕೊಂಡು ಎಣಿಸಿದ್ರೆ ಇದು ಬರ್ತದೆ."

ಮೇಡಮ್ಮು ಅವಳು ತಂದ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಹೊಸ ಡಿಪೋ ತೆರೆಯೋಕೆ ಮುಂಚೆಯೇ ಕೆಲಸ ಮಾಡಿದೆ ಅಂತ ನಾನೂ ಓದಿದೀನಲ್ಲ," ಎಂದರು, ತಮ್ಮಷ್ಟಕ್ಕೆ. ಆಮೇಲೆ ಮ್ಯಾನೇಜರನ್ನು ಕೇಳಿದರು, "ಇದು ನಿಮಗೆ ಗೊತ್ತಿತ್ತಾ?"

"ಸೋಮವಾರ ತಾನೇ ಗಮನಕ್ಕೆ ಬಂತು ಮೇಡಮ್. ಪರಿಶೀಲನೆ ಮಾಡಿಸ್ತಿದ್ದೆ."

"ಯಾರ ಕೈಲಿ?"

ಅವನು ಪರದೆಯ ಕಡೆ ತಿರುಗಿ ಮುಂದಿನ ಸಲಹೆ ತೆಗೆದ.

ಮುಚ್ಚುವ ಆದೇಶವನ್ನು ಮೇಡಮ್ಮು ಅದೇ ಸಂಜೆ ತಡೆದರು. ಮ್ಯಾನೇಜರು ಅವಳ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ, "ಆ ಒಂದು ರಿಪೋರ್ಟ್ ಸರಿಮಾಡಿ ಕೊಟ್ಬಿಡಿ. ಟೇಬಲ್ ಮುಟ್ಟೋದು ಬೇಡ, ಮುಂದಿನ ವರ್ಷ ನೋಡೋಣ," ಎಂದ.

"ಆಗಲ್ಲ ಸಾರ್."

"ಅಂದ್ರೆ?"

"ಮುಂದಿನ ತಿಂಗಳು ಇನ್ನೊಂದಿಷ್ಟು ಜನಕ್ಕೆ ವರ್ಗ ಆಗ್ತದೆ. ಆಗ ಇನ್ಯಾವುದೋ ಡಿಪೋ ಖಾಲಿ ಕಾಣ್ತದೆ. ಅಲ್ಲಿ ನನ್ನ ಮೈದುನ ಇರಲ್ಲ, ಬಂದು ಕಿರುಚೋರು ಯಾರೂ ಇರಲ್ಲ. ಟೇಬಲ್ ಸರಿಮಾಡಿ ಅಂತ ಬರೆದುಕೊಡಿ. ಇಲ್ಲ, ರಿಪೋರ್ಟ್ ನೀವೇ ಮಾಡ್ಕೊಳಿ."

ಅವನು ಮುಖ ಗಂಟು ಹಾಕಿಕೊಂಡು ಹೋದ. ಆದರೆ ಮೇಡಮ್ಮರ ಕಣ್ಣು ತನ್ನ ಮೇಲಿದೆ ಎಂದು ಅವನಿಗೂ ಗೊತ್ತಿತ್ತು. ಮಾರನೆಯ ದಿನ ಎರಡು ವಾಕ್ಯ ಬರೆದು ಕಳಿಸಿದ. ಅದರಲ್ಲಿ ಈ ಸುಧಾರಣೆ ತನ್ನ ಸೂಚನೆಯ ಮೇರೆಗೆ ಎಂದಿತ್ತು. ಅವಳು ಓದಿ ಮೂಗು ಮುರಿದು ಕೆಲಸಕ್ಕೆ ಕೂತಳು. ವರ್ಗವಾದ ಒಬ್ಬೊಬ್ಬನ ಸಾಲನ್ನೂ ಮುಚ್ಚಿ, ಇನ್ನೊಂದು ತೆರೆದು, ತಾರೀಖಿಗೆ ತಾರೀಖು ಕೂಡುವಂತೆ ಹೊಂದಿಸುತ್ತಾ ಹೋದಳು. ಹಳೆಯ ವರ್ಗದ ಆದೇಶಗಳಿಗಾಗಿ ಡಿಪೋ ಡಿಪೋಗೆ ಫೋನ್ ಮಾಡಿದಳು. ಮಾಡಿದಷ್ಟೂ ಸಿಟ್ಟು ಹೆಚ್ಚುತ್ತಿತ್ತು, ಮೊದಲೇ ಮಾಡಿದ್ದರೆ ಇದು ಎಷ್ಟು ಹೊತ್ತಿನ ಕೆಲಸ ಎಂದು.

ಆ ಹೊತ್ತಿಗೆ ಮೈದುನ ಫೋನ್ ಮಾಡಿದ.

"ಅತ್ತಿಗೆ, ನೋಟಿಸ್ ಕಿತ್ತಾಕಿದ್ರು."

"ಗೊತ್ತು."

"ಆವತ್ತು ಏನೇನೋ ಅಂದುಬಿಟ್ಟೆ."

"ಅಂದದ್ದು ಸರಿಯಾಗೇ ಇತ್ತು. ರಿಪೋರ್ಟ್ ನಮ್ಮದೇ."

ಅವನ ಹಿಂದೆ ಯಾವುದೋ ಮೋಟರಿನ ಸದ್ದು ಕೇಳುತ್ತಿತ್ತು. "ಇನ್ನೊಂದ್ಸಲ ಹೀಗಾಗಲ್ಲ ತಾನೇ? ಇಲ್ಲಿ ಎಲ್ಲರೂ ಕೇಳ್ತಿದಾರೆ."

"ನಾನು ಈ ಕುರ್ಚೀಲಿರೋವರೆಗೆ ಆಗಲ್ಲ ಅಂತ ಹೇಳು," ಎಂದಳು ಅವಳು. "ನನ್ನ ಎಬ್ಬಿಸಿದ್ರೆ ಗೊತ್ತಿಲ್ಲ. ಈಗ ಫೋನಿಡು, ನಿಮ್ಮ ಡಿಪೋದ್ದೇ ಇನ್ನೂ ಅರ್ಧ ಬಾಕಿ ಇದೆ."